"ಅಮ್ಮ ಇರೋವರೆಗೂ ಅಮ್ಮಂದು, ಆಮೇಲೆ ನಂದು": ಆಸ್ತಿಯಲ್ಲಿ ಇಂದಿನ ಹಕ್ಕು, ನಾಳೆಯ ಹಕ್ಕು

"ಅಮ್ಮ ಇರೋವರೆಗೂ ಮನೆ ಅಮ್ಮಂದು, ಆಮೇಲೆ ನಂದು." ಈ ಮಾತನ್ನು ನೀವು ಕೇಳಿಯೇ ಇರುತ್ತೀರಿ. ಬಹುಶಃ ಹೇಳಿಯೂ ಇರುತ್ತೀರಿ. ಕೇಳಲು ಸರಳವಾದ ಮಾತು. ಆದರೆ ಇದೇ ಮಾತನ್ನಾಡುವ ಮೂರು ಜನರ ಕಾಗದಪತ್ರಗಳನ್ನು ಒಬ್ಬ ವಕೀಲರ ಮುಂದಿಟ್ಟರೆ ಮೂರು ಬೇರೆ ಬೇರೆ ಉತ್ತರ ಬರಬಹುದು. ಒಬ್ಬನಿಗೆ ಆ ಮನೆಯಲ್ಲಿ ಇವತ್ತೇ ಗಟ್ಟಿಯಾದ ಹಕ್ಕಿದೆ. ಅದನ್ನು ಮಾರಬಹುದು, ಅವನು ಸಾಲ ತೀರಿಸದಿದ್ದರೆ ಕೋರ್ಟು ಅದನ್ನು ಜಪ್ತಿ ಮಾಡಲೂಬಹುದು. ಇನ್ನೊಬ್ಬನದು ಷರತ್ತಿಗೆ ಕಟ್ಟುಬಿದ್ದ ಹಕ್ಕು; ಷರತ್ತು ಈಡೇರಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಮೂರನೆಯವನಿಗೆ ಏನೇನೂ ಇಲ್ಲ. ಅವನದು ಬರೀ ಆಸೆ.

ಮೂವರೂ ಅಷ್ಟೇ ವಿಶ್ವಾಸದಿಂದ "ನಂದು" ಅನ್ನುತ್ತಾರೆ. ತಮ್ಮದು ಇದರಲ್ಲಿ ಯಾವುದು ಎಂದು ಹೆಚ್ಚಿನವರಿಗೆ ಗೊತ್ತಾಗುವುದು ಮನೆಯಲ್ಲಿ ಒಂದು ಸಾವಾದ ಮೇಲೆ, ಅಥವಾ ಒಂದು ಜಗಳವಾದ ಮೇಲೆ.

ಬೇಲಿ ಹಾಕಿ ಭಾಗ ಮಾಡುವುದು, ಕಾಲ ಹಾಕಿ ಭಾಗ ಮಾಡುವುದು

ಎರಡೆಕರೆ ಜಮೀನನ್ನು ಇಬ್ಬರಿಗೆ ಹಂಚಬೇಕೆಂದರೆ ನಮಗೆ ತಕ್ಷಣ ಹೊಳೆಯುವುದು ನಡುವೆ ಬದು ಹಾಕುವುದು. ಈ ಕಡೆ ಒಂದೆಕರೆ ನಿನಗೆ, ಆ ಕಡೆ ಒಂದೆಕರೆ ಅವನಿಗೆ. ಕಾನೂನು ಇನ್ನೊಂದು ರೀತಿಯ ಬದುವನ್ನೂ ಒಪ್ಪುತ್ತದೆ. ಅದನ್ನು ನೆಲದ ಮೇಲಲ್ಲ, ಕಾಲದ ಮೇಲೆ ಹಾಕುತ್ತಾರೆ. ಪೂರ್ತಿ ಎರಡೆಕರೆ ಇವತ್ತಿನಿಂದ ಅಮ್ಮ ತೀರಿಕೊಳ್ಳುವವರೆಗೆ ಅಮ್ಮನಿಗೆ, ಅಂದಿನಿಂದ ಮುಂದೆ ಪೂರ್ತಿ ಎರಡೆಕರೆ ಮಗನಿಗೆ.

ಇಲ್ಲಿ ಗಮನಿಸಬೇಕಾದ್ದು ಏನೆಂದರೆ, ಅಮ್ಮ ಬಾಡಿಗೆದಾರಳಲ್ಲ, ಮಗ ಬರೀ ಕಾಯುತ್ತಾ ಕೂತವನೂ ಅಲ್ಲ. ಇಬ್ಬರೂ ಏಕಕಾಲಕ್ಕೆ ಹಕ್ಕುದಾರರು. ಅಮ್ಮನ ಹಕ್ಕು ಈಗ ಅನುಭವಕ್ಕೆ ಬಂದಿರುವ ಹಕ್ಕು. ಮಗನ ಹಕ್ಕು ಇವತ್ತೇ ಹುಟ್ಟಿದೆ, ಅನುಭವಕ್ಕೆ ಬರುವುದು ಮಾತ್ರ ನಾಳೆ. ಹಕ್ಕು ಇರುವುದು ಬೇರೆ, ಸ್ವಾಧೀನ ಇರುವುದು ಬೇರೆ. ಈ ಒಂದು ವ್ಯತ್ಯಾಸ ಗೊತ್ತಾದರೆ ವಿಷಯದ ಅರ್ಧ ಭಾಗ ಅರ್ಥವಾದಂತೆ.

ನಮ್ಮ ದೇಶದಲ್ಲಿ ಇದರ ನಿಯಮಗಳು ಮುಖ್ಯವಾಗಿ ಎರಡು ಕಾಯ್ದೆಗಳಲ್ಲಿವೆ. ಬದುಕಿರುವಾಗಲೇ ಮಾಡುವ ದಾನ, ಮಾರಾಟಗಳಿಗೆ 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಉಯಿಲಿನ ಮೂಲಕ ಕೊಡುವುದಕ್ಕೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಮುಸ್ಲಿಂ ಕಾನೂನಿನ ದಾರಿ ಸ್ವಲ್ಪ ಬೇರೆ. ಅಲ್ಲಿ ಸ್ವತ್ತಿನ ಮೂಲವನ್ನೂ ಅದರ ಫಲವನ್ನೂ ಬೇರೆ ಬೇರೆಯಾಗಿ ನೋಡುತ್ತಾರೆ. ಒಬ್ಬರಿಗೆ ಮೂಲ ಕೊಟ್ಟು ಇನ್ನೊಬ್ಬರಿಗೆ ಜೀವನಪರ್ಯಂತ ಫಲ ಕೊಡಬಹುದು.

ಒಂದು ಮನೆ, ಒಂದು ಉಯಿಲು

ಒಂದು ಕಲ್ಪಿತ ಸಂಸಾರ ತೆಗೆದುಕೊಳ್ಳೋಣ. ಅಪ್ಪ ಸ್ವಂತ ದುಡಿಮೆಯಿಂದ ಮೈಸೂರಿನಲ್ಲಿ ಒಂದು ಮನೆ ಕಟ್ಟಿಸಿದ್ದಾರೆ. ಹೆಂಡತಿ, ಇಬ್ಬರು ಗಂಡುಮಕ್ಕಳು. ಉಯಿಲಿನಲ್ಲಿ ಹೀಗೆ ಬರೆಸುತ್ತಾರೆ: ನನ್ನ ನಂತರ ಹೆಂಡತಿ ತನ್ನ ಜೀವಿತ ಕಾಲದವರೆಗೆ ಮನೆಯನ್ನು ಅನುಭವಿಸಿಕೊಂಡು ಹೋಗತಕ್ಕದ್ದು, ಪರಭಾರೆ ಮಾಡುವ ಹಕ್ಕು ಇರುವುದಿಲ್ಲ, ಆಕೆಯ ಕಾಲಾನಂತರ ಸ್ವತ್ತು ದೊಡ್ಡ ಮಗನಿಗೆ ಸೇರತಕ್ಕದ್ದು. ಚಿಕ್ಕವನಿಗೆ ಬೇರೆ ಸೈಟಿದೆ, ಅವನ ವಿಷಯ ಬಿಡಿ.

ಅಪ್ಪ ಬದುಕಿರುವವರೆಗೆ ಈ ಉಯಿಲಿನಿಂದ ಯಾರಿಗೂ ಏನೂ ಸಿಕ್ಕಿಲ್ಲ. ನಾಳೆ ಬೆಳಿಗ್ಗೆ ಅದನ್ನು ಹರಿದುಹಾಕಿ ಹೊಸದು ಬರೆಯಬಹುದು, ಮನೆಯನ್ನೇ ಮಾರಬಹುದು. ಉಯಿಲನ್ನು ನೋಂದಣಿ ಮಾಡಿಸಿದ್ದರೂ ಅಷ್ಟೇ. "ಅಪ್ಪ ಉಯಿಲು ರಿಜಿಸ್ಟ್ರಿ ಮಾಡಿಸಿಬಿಟ್ಟಿದ್ದಾರೆ, ಇನ್ನು ಬದಲಾಯಿಸೋಕಾಗಲ್ಲ" ಎಂಬ ಮಾತು ಶುದ್ಧ ತಪ್ಪು.

ಅಪ್ಪ ತೀರಿಕೊಂಡ ಕ್ಷಣಕ್ಕೆ ಚಿತ್ರ ಬದಲಾಗುತ್ತದೆ. ಅಮ್ಮನಿಗೆ ಜೀವನಪರ್ಯಂತ ಹಕ್ಕು ಬಂತು. ಅವರು ಅಲ್ಲಿ ವಾಸಿಸಬಹುದು, ಮೇಲಿನ ಮಹಡಿ ಬಾಡಿಗೆಗೆ ಕೊಟ್ಟು ಬಂದ ದುಡ್ಡನ್ನು ತಾವೇ ಇಟ್ಟುಕೊಳ್ಳಬಹುದು. ಮಗ ಆ ಬಾಡಿಗೆ ಕೇಳುವ ಹಾಗಿಲ್ಲ, "ನಾಳೆ ನಂದೇ ತಾನೆ" ಎಂದು ಅಮ್ಮನನ್ನು ಹೊರಗೆ ಕಳಿಸುವ ಹಾಗೂ ಇಲ್ಲ. ಇನ್ನೊಂದು ಕಡೆ, ಅಮ್ಮ ಪೂರ್ತಿ ಮನೆ ಮಾರುವ ಹಾಗಿಲ್ಲ, ಅದನ್ನು ಕೆಡವುವ ಹಾಗಿಲ್ಲ. ಇದೇ ತೋಟವಾಗಿದ್ದರೆ ವರ್ಷವರ್ಷ ಅಡಿಕೆ ಕೊನೆ ಕೊಯ್ದು ಮಾರಬಹುದು, ತೋಟವನ್ನೇ ಬೋಳಿಸುವಂತಿಲ್ಲ. ಫಲ ಇವತ್ತಿನವರದು, ಬುಡ ನಾಳೆಯವರದು. ಬ್ಯಾಂಕಿಗೆ ಅಡವಿಡಬೇಕೆಂದರೆ ಬ್ಯಾಂಕಿನವರು ಇಬ್ಬರ ಸಹಿಯನ್ನೂ ಕೇಳುವುದು ಇದೇ ಕಾರಣಕ್ಕೆ.

ಈಗ ಮುಖ್ಯ ಪ್ರಶ್ನೆ. ಅಮ್ಮ ಇನ್ನೂ ಇರುವಾಗಲೇ ದೊಡ್ಡ ಮಗ ತೀರಿಕೊಂಡರೆ? ಅವನಿಗೆ ಹೆಂಡತಿ ಮತ್ತು ಒಬ್ಬಳು ಮಗಳು. ಇಂಥ ಹೊತ್ತಿನಲ್ಲಿ ಚಿಕ್ಕ ಮಗ, ನೆಂಟರಿಷ್ಟರು, ಕೆಲವೊಮ್ಮೆ ಊರಿನ ಹಿರಿಯರೂ ಹೇಳುವುದು ಒಂದೇ: "ಅಣ್ಣನಿಗೆ ಮನೆ ಕೈಗೇ ಬಂದಿರಲಿಲ್ಲವಲ್ಲ, ಬರುವ ಮುಂಚೆಯೇ ಹೋಗಿಬಿಟ್ಟ. ಇನ್ನು ಅದು ಮನೆತನಕ್ಕೇ ವಾಪಸ್." ಸೊಸೆಯೂ ಅದನ್ನೇ ನಂಬಿ ಸುಮ್ಮನಾಗುತ್ತಾಳೆ.

ಕಾನೂನು ಹಾಗೆ ಹೇಳುವುದಿಲ್ಲ. ಅಪ್ಪ ತೀರಿಕೊಂಡ ದಿನವೇ ಮಗನ ನಾಳೆಯ ಹಕ್ಕು ಅವನಲ್ಲಿ ನೆಲೆಗೊಂಡಿತು. ಸ್ವಾಧೀನ ಸಿಗುವ ಮುಂಚೆ ಸತ್ತರೆ ಹಕ್ಕು ಸಾಯುವುದಿಲ್ಲ. ಅವನ ಉಳಿದ ಆಸ್ತಿಯ ಹಾಗೆಯೇ ಅವನ ವಾರಸುದಾರರಿಗೆ ಹೋಗುತ್ತದೆ. ಉತ್ತರಾಧಿಕಾರ ಕಾಯ್ದೆಯ 119ನೇ ಕಲಂ ಹೇಳುವುದು ಇದನ್ನೇ. ಉಯಿಲಿನಲ್ಲಿ ಬೇರೆ ಉದ್ದೇಶ ಕಾಣದ ಹೊರತು, ಕೊಡುವುದನ್ನು ಮುಂದೂಡಿದ ಮಾತ್ರಕ್ಕೆ ಹಕ್ಕು ಮುಂದೂಡಿದಂತಾಗುವುದಿಲ್ಲ.

ಇಲ್ಲೊಂದು ತಮಾಷೆಯೂ ಇದೆ. ಉಯಿಲು ಬರೆಯದೆ ಸತ್ತ ಹಿಂದೂ ಗಂಡಸಿನ ಮೊದಲ ವರ್ಗದ ವಾರಸುದಾರರಲ್ಲಿ ಹೆಂಡತಿ, ಮಕ್ಕಳ ಜೊತೆಗೆ ತಾಯಿಯೂ ಸೇರುತ್ತಾಳೆ. ಹಾಗಾಗಿ ಆ ನಾಳೆಯ ಹಕ್ಕಿನಲ್ಲಿ ಸೊಸೆಗೆ ಮೂರನೇ ಒಂದು, ಮೊಮ್ಮಗಳಿಗೆ ಮೂರನೇ ಒಂದು, ಅಮ್ಮನಿಗೇ ಮೂರನೇ ಒಂದು ಪಾಲು. ಜೀವನಪರ್ಯಂತ ಮಾತ್ರ ಹಕ್ಕಿದ್ದ ಅಮ್ಮ ಈಗ ಮೂರನೇ ಒಂದು ಭಾಗಕ್ಕೆ ಪೂರ್ತಿ ಯಜಮಾನಿ. ಆ ಭಾಗವನ್ನು ಅವರು ಮಾರಬಹುದು, ಚಿಕ್ಕ ಮಗನಿಗೆ ಬರೆಯಬಹುದು. ಅಪ್ಪನ ಉಯಿಲಿನಲ್ಲಿ ಇದರ ಸುಳಿವೇ ಇರಲಿಲ್ಲ!

"ಮೇಲೆ" ಮತ್ತು "ರೆ"

ನೆಲೆಗೊಂಡ ಹಕ್ಕನ್ನು ಕಾಯ್ದೆಯ ಇಂಗ್ಲಿಷಿನಲ್ಲಿ 'ವೆಸ್ಟೆಡ್ ಇಂಟರೆಸ್ಟ್' ಎನ್ನುತ್ತಾರೆ. ಪತ್ರಿಕೆಗಳಲ್ಲಿ ಬೈಗುಳದ ಹಾಗೆ ಓದುವ 'ಪಟ್ಟಭದ್ರ ಹಿತಾಸಕ್ತಿ' ಇದೇ ಪದದ ಕನ್ನಡ. ಮೂಲದಲ್ಲಿ ಅದರಲ್ಲಿ ಕೆಟ್ಟದ್ದೇನೂ ಇಲ್ಲ. ಕೈಗೆ ಬರದಿದ್ದರೂ ಪಕ್ಕಾ ಆಗಿರುವ ಹಕ್ಕು ಎಂದಷ್ಟೇ ಅರ್ಥ. ಇದರ ಎದುರಿನದು 'ಕಂಟಿಂಜೆಂಟ್ ಇಂಟರೆಸ್ಟ್', ಅಂದರೆ ಆಗಬಹುದಾದ ಅಥವಾ ಆಗದೇ ಹೋಗಬಹುದಾದ ಘಟನೆಗೆ ಕಟ್ಟಿಹಾಕಿದ ಹಕ್ಕು.

ಸಾವು ಎಂದು ಬರುತ್ತದೋ ಗೊತ್ತಿಲ್ಲ, ಬರುವುದಂತೂ ಖಚಿತ. ಹಾಗಾಗಿ "ಅಮ್ಮನ ಕಾಲಾನಂತರ" ಎನ್ನುವುದು ಷರತ್ತಲ್ಲ, ಬರೀ ದಿನಾಂಕ. "ಮಗಳು ಡಾಕ್ಟರಾದರೆ", "ಮಗ ಊರಿಗೆ ಮರಳಿ ಬಂದು ನೆಲೆಸಿದರೆ" ಎನ್ನುವುದು ಷರತ್ತು. ಅದು ಈಡೇರುವವರೆಗೆ ಹಕ್ಕು ಹುಟ್ಟುವುದಿಲ್ಲ; ಈಡೇರದೆ ಅವರು ಸತ್ತರೆ ಅವರ ಮಕ್ಕಳಿಗೂ ಏನೂ ಇಲ್ಲ.

ತೊಡಕು ಬರುವುದು ವಯಸ್ಸಿನ ವಿಷಯದಲ್ಲಿ. "ಈ ಸೈಟನ್ನು ಮಗಳಿಗೆ ಕೊಟ್ಟಿದ್ದೇನೆ, ಆಕೆಗೆ 25 ವರ್ಷ ತುಂಬಿದ ಮೇಲೆ ಸ್ವಾಧೀನಕ್ಕೆ ಕೊಡತಕ್ಕದ್ದು" ಎಂದು ಬರೆದರೆ ಹಕ್ಕು ಈಗಲೇ ಅವಳದು, ಕೈಗೆ ಬರುವುದು ಆಮೇಲೆ. "ಮಗಳಿಗೆ 25 ವರ್ಷ ತುಂಬಿದರೆ ಈ ಸೈಟು ಆಕೆಗೆ ಸೇರತಕ್ಕದ್ದು" ಎಂದು ಬರೆದರೆ ಅದು ಷರತ್ತಿನ ಹಕ್ಕು. ಆಕೆ 24ಕ್ಕೆ ತೀರಿಕೊಂಡರೆ ಮೊದಲ ಸಂದರ್ಭದಲ್ಲಿ ಅವಳ ವಾರಸುದಾರರಿಗೆ ಸೈಟು; ಎರಡನೆಯದರಲ್ಲಿ ಸಾಮಾನ್ಯವಾಗಿ ಇಲ್ಲ. ಕನ್ನಡದಲ್ಲಿ ಇಡೀ ಆಸ್ತಿಯ ದಿಕ್ಕು ಬದಲಿಸಲು ಕ್ರಿಯಾಪದದ ಕೊನೆಯ ಒಂದು "ರೆ" ಸಾಕು. ಪತ್ರ ಬರೆಯುವವರು ಹಳೆಯ ಮಾದರಿಯನ್ನು ನೋಡಿ ಟೈಪ್ ಮಾಡುವಾಗ ಇದನ್ನು ಯಾರೂ ನಿಮಗೆ ಓದಿ ಹೇಳುವುದಿಲ್ಲ.

ಪಕ್ಕಾ ಆದ ನಾಳೆಯ ಹಕ್ಕನ್ನು ಇವತ್ತೇ ಮಾರಬಹುದು. ಕೊಂಡವನು ಅಮ್ಮ ಇರುವವರೆಗೆ ಕಾಯಬೇಕು, ಅಷ್ಟೇ. ಸಾಲಗಾರರು ಕೋರ್ಟಿನ ಮೂಲಕ ಅದನ್ನು ಜಪ್ತಿ ಮಾಡಿಸಬಹುದು. ಆದರೆ ಬರೀ ಷರತ್ತಿನ ಹಕ್ಕನ್ನೂ ವಾರಸುದಾರಿಕೆಯ ನಿರೀಕ್ಷೆಯನ್ನೂ ಜಪ್ತಿ ಮಾಡುವಂತಿಲ್ಲ ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಹೇಳುತ್ತದೆ. ಅಂದರೆ ಮಗನ ವ್ಯಾಪಾರ ಮುಳುಗಿದರೆ ಅಮ್ಮ ಕೂತಿರುವ ಮನೆಯ ನಾಳೆಗೆ ಬೇರೆ ಯಜಮಾನ ಬರಬಹುದು. ಅಮ್ಮನ ಇವತ್ತಿಗೆ ಮಾತ್ರ ಅವನು ಕೈಹಾಕುವಂತಿಲ್ಲ.

ಆಸೆಯನ್ನು ಮಾರುವಂತಿಲ್ಲ: ಮಡಿಕೇರಿಯ ಒಂದು ಕೇಸು

ಅಪ್ಪ ಇನ್ನೂ ಗಟ್ಟಿಯಾಗಿರುವಾಗ "ಅವರಾದ ಮೇಲೆ ನನಗೆ ಬರುವ ಪಾಲು" ಎಂದು ಮಗನೊಬ್ಬ ಮುಂಗಡ ತೆಗೆದುಕೊಂಡು ಕರಾರು ಬರೆದುಕೊಡುವುದುಂಟು. ಅಪ್ಪನ ಸ್ವಯಾರ್ಜಿತ ಆಸ್ತಿಯಾದರೆ ಅಂಥ ಮಾರಾಟಕ್ಕೆ ಬೆಲೆ ಇಲ್ಲ. ಸ್ವತ್ತು ವರ್ಗಾವಣೆ ಕಾಯ್ದೆಯ 6ನೇ ಕಲಮಿನ (ಎ) ಖಂಡದ ಪ್ರಕಾರ ವಾರಸುದಾರನಾಗುವ ಸಂಭವವನ್ನು ವರ್ಗಾಯಿಸಲು ಬರುವುದಿಲ್ಲ. ಅದು ಹಕ್ಕೇ ಅಲ್ಲ. (ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ ಹುಟ್ಟಿನಿಂದಲೇ ಬರುವ ಪಾಲಿನ ಕತೆ ಬೇರೆ. ಅದು ನಾಳೆಯ ಹಕ್ಕಲ್ಲ, ಇಂದಿನದೇ. ಅದು ಹೆಣ್ಣುಮಕ್ಕಳಿಗೂ ಉಂಟು. 'ತಾತನ ಆಸ್ತಿಯಲ್ಲಿ ಮೊಮ್ಮಗನಿಗೆ ಹಕ್ಕು' ಎಂಬ ಮಾತನ್ನು ತಾತ ಸ್ವಂತವಾಗಿ ಸಂಪಾದಿಸಿದ್ದಕ್ಕೂ ಅನ್ವಯಿಸಿ ಕೋರ್ಟು ಹತ್ತಿದವರು ಬಹಳ ಮಂದಿ.)

ಆದರೆ ಆಸೆಯನ್ನೇ ಹಕ್ಕು ಎಂದು ಹೇಳಿ ಮಾರಿದರೆ? ಈ ಪ್ರಶ್ನೆಗೆ ದೇಶಕ್ಕೆಲ್ಲ ಉತ್ತರ ಸಿಕ್ಕಿದ್ದು ಕೊಡಗಿನ ಒಂದು ವ್ಯಾಜ್ಯದಿಂದ. 'ಜುಮ್ಮಾ ಮಸೀದಿ, ಮರ್ಕೆರಾ' ಎಂಬ ಹೆಸರಿನ ಆ ಕೇಸನ್ನು 1962ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಇವತ್ತಿಗೂ ಕಾನೂನು ಕಾಲೇಜುಗಳಲ್ಲಿ ಅದನ್ನು ಪಾಠವಾಗಿ ಓದುತ್ತಾರೆ.

ಕತೆ ಹೀಗೆ. ಸ್ವತ್ತಿನ ಯಜಮಾನ ತೀರಿಕೊಂಡು ಅದು ಅವನ ವಿಧವೆಯ ಕೈಯಲ್ಲಿತ್ತು. ಆಗಿನ ಹಿಂದೂ ಕಾನೂನಿನಲ್ಲಿ ವಿಧವೆಗೆ ಇದ್ದದ್ದು ಸೀಮಿತ ಹಕ್ಕು. ಆಕೆಯ ನಂತರ ಸ್ವತ್ತು ಗಂಡನ ಕಡೆಯ ಮುಂದಿನ ವಾರಸುದಾರರಿಗೆ. ಆಕೆ ಬದುಕಿರುವವರೆಗೆ ಆ ವಾರಸುದಾರರದು ಬರೀ ಆಸೆ. ಯಾಕೆಂದರೆ ಆಕೆ ತೀರಿಕೊಂಡಾಗ ಅವರಲ್ಲಿ ಯಾರು ಉಳಿದಿರುತ್ತಾರೋ ಯಾರಿಗೆ ಗೊತ್ತು? ಆದರೂ 1920ರಲ್ಲಿ ಅವರು ಇದು ಅವಿಭಕ್ತ ಕುಟುಂಬದ ಸ್ವತ್ತು, ಈಗಾಗಲೇ ನಮಗೆ ಬಂದಿದೆ ಎಂದು ಹೇಳಿ ಒಬ್ಬರಿಗೆ ಕ್ರಯ ಮಾಡಿಕೊಟ್ಟರು. ಕೊಂಡವರು ಸ್ವಾಧೀನ ಕೇಳಿ ಕೋರ್ಟಿಗೆ ಹೋದರೆ, ವಿಧವೆ "ಇದು ನನ್ನ ಗಂಡನ ಸ್ವಂತ ಸಂಪಾದನೆ, ನಾನಿರುವವರೆಗೆ ನನ್ನದು" ಎಂದರು. ಕೋರ್ಟು ಒಪ್ಪಿತು. ಕೊಂಡವರ ಕೈ ಬರಿದಾಯಿತು.

1933ರಲ್ಲಿ ವಿಧವೆ ತೀರಿಕೊಂಡರು. ಮಾರಿದವರಿಗೆ ಈಗ ನಿಜವಾಗಿಯೂ ಹಕ್ಕು ಬಂತು. ಅಷ್ಟರಲ್ಲಿ ಮಸೀದಿಯೂ ಹಕ್ಕುದಾರನಾಗಿ ಬಂದಿತ್ತು: ವಿಧವೆ ಬರೆದುಕೊಟ್ಟ ದಾನಪತ್ರ ಒಂದು ಕಡೆ, ಹಿಂದೆ ಮಾರಿದವರಲ್ಲೇ ಒಬ್ಬರಿಂದ ಪಡೆದ ಪತ್ರ ಇನ್ನೊಂದು ಕಡೆ. ಆಸೆಯನ್ನು ಮಾರಲು ಬರುವುದಿಲ್ಲವಾದ್ದರಿಂದ 1920ರ ಕ್ರಯವೇ ಶೂನ್ಯ ಎಂಬುದು ಮಸೀದಿಯ ವಾದ.

ಸುಪ್ರೀಂ ಕೋರ್ಟ್ ಕೊಂಡವರ ಪರ ನಿಂತಿತು. ಆಸೆಯನ್ನು ಆಸೆ ಎಂದೇ ಹೇಳಿ ಮಾರಿದ್ದರೆ, ಕೊಂಡವನಿಗೂ ಅದು ಗೊತ್ತಿದ್ದರೆ, ಆ ವ್ಯವಹಾರಕ್ಕೆ ಬೆಲೆ ಇಲ್ಲ. ಆದರೆ "ಈಗಲೇ ನನ್ನದು" ಎಂದು ನಂಬಿಸಿ ಮಾರಿದವನು, ಮುಂದೆ ಆ ಸ್ವತ್ತು ನಿಜವಾಗಿ ತನ್ನ ಕೈಗೆ ಬಂದಾಗ ಕೊಂಡವನು ಕೇಳಿದರೆ ಕೊಡಲೇಬೇಕು. ಅದು 43ನೇ ಕಲಂ. ಎರಡು ಕಲಮುಗಳು ಒಂದಕ್ಕೊಂದು ವಿರುದ್ಧವಲ್ಲ. ಒಂದು ಯಾವುದನ್ನು ಮಾರಬಹುದು ಎಂಬುದರ ಬಗ್ಗೆ, ಇನ್ನೊಂದು ಕೊಟ್ಟ ಮಾತಿಗೆ ಕಟ್ಟುಬೀಳುವುದರ ಬಗ್ಗೆ.

ನಾಳೆಯ ಮನೆಗೆ ಇವತ್ತಿನ ಬೆಲೆ

ಅಮ್ಮ ಇರುವ ಮನೆಯ ನಾಳೆಯ ಹಕ್ಕನ್ನು ಮಾರಬಹುದು ಎಂದೆ. ಎಷ್ಟಕ್ಕೆ? ಇದು ಕಾನೂನಿಗಿಂತ ಲೆಕ್ಕದ ಪ್ರಶ್ನೆ. ಮನೆಯ ಬೆಲೆ 1 ಕೋಟಿ ಎಂದುಕೊಳ್ಳಿ, ಅದು ಬದಲಾಗುವುದಿಲ್ಲ ಎಂದೂ ಇಟ್ಟುಕೊಳ್ಳಿ. ವರ್ಷಕ್ಕೆ ಶೇ. 8ರ ಬಡ್ಡಿ ಬರುವಲ್ಲಿ ಇವತ್ತು ಸುಮಾರು 46 ಲಕ್ಷ ಹಾಕಿದರೆ 10 ವರ್ಷಕ್ಕೆ 1 ಕೋಟಿಯಾಗುತ್ತದೆ. 20 ವರ್ಷ ಕಾಯಬೇಕಾದರೆ ಸುಮಾರು 21 ಲಕ್ಷ ಸಾಕು. ಹಾಗಾಗಿ ಜೀವನಪರ್ಯಂತ ಹಕ್ಕಿರುವವರು ಎಳೆಯರಾದಷ್ಟೂ ನಾಳೆಯ ಹಕ್ಕು ಅಗ್ಗ, ಹಿರಿಯರಾದಷ್ಟೂ ತುಟ್ಟಿ.

ಈ ಲೆಕ್ಕ ತಲೆಕೆಳಗಾದದ್ದಕ್ಕೆ ಜಗತ್ಪ್ರಸಿದ್ಧ ಉದಾಹರಣೆ ಫ್ರಾನ್ಸಿನದು. ಅಲ್ಲಿ ವಯಸ್ಸಾದವರು ತಮ್ಮ ಮನೆಯನ್ನು ಇವತ್ತೇ ಮಾರಿ, ಸಾಯುವವರೆಗೆ ಅಲ್ಲೇ ವಾಸಿಸುತ್ತ ಕೊಂಡವರಿಂದ ತಿಂಗಳು ತಿಂಗಳು ಹಣ ಪಡೆಯುವ 'ವಿಯಾಜೆ' ಎಂಬ ಪದ್ಧತಿ ಇದೆ. ಆರ್ಲ್ ಊರಿನ ಜಾನ್ ಕಾಲ್ಮಾನ್ ಎಂಬ ಅಜ್ಜಿ 1965ರಲ್ಲಿ, ತಮ್ಮ 90ನೇ ವಯಸ್ಸಿನಲ್ಲಿ, ಹೀಗೆ ಮನೆ ಮಾರಿದರು. ಕೊಂಡ ವಕೀಲರಿಗೆ ಆಗ 47. ತಿಂಗಳಿಗೆ 2500 ಫ್ರಾಂಕ್. ಎಷ್ಟು ದಿನ ತಾನೆ ಎಂದುಕೊಂಡಿರಬೇಕು. ಅವರು 1995ರಲ್ಲಿ ತೀರಿಕೊಂಡರು. ಅಜ್ಜಿ ಇನ್ನೂ ಇದ್ದರು. ವಕೀಲರ ಹೆಂಡತಿ ಕಂತು ಮುಂದುವರಿಸಬೇಕಾಯಿತು. ಅಜ್ಜಿ 1997ರಲ್ಲಿ 122ನೇ ವಯಸ್ಸಿನಲ್ಲಿ ತೀರಿಕೊಂಡಾಗ, ದಾಖಲಾದ ಮಟ್ಟಿಗೆ ಅವರು ಜಗತ್ತಿನಲ್ಲೇ ಅತಿ ಹೆಚ್ಚು ಕಾಲ ಬದುಕಿದವರು.

ಎಷ್ಟು ದೂರದ ನಾಳೆಯವರೆಗೆ?

"ಈ ಮನೆಯನ್ನು ನನ್ನ ವಂಶದವರು ಎಂದೆಂದಿಗೂ ಮಾರಕೂಡದು" ಎಂದು ಬರೆಸುವವರಿದ್ದಾರೆ. ಪೂರ್ತಿ ಹಕ್ಕು ಕೊಟ್ಟ ಮೇಲೆ ಮಾರಲೇಬಾರದು ಎಂಬ ಷರತ್ತು ಶೂನ್ಯ. ಮನೆ ಪಡೆದವನು ಆ ಸಾಲನ್ನು ಪಕ್ಕಕ್ಕಿಟ್ಟು ಮಾರಬಹುದು.

ಹುಟ್ಟದ ಮಕ್ಕಳಿಗೂ ಕೊಡಬಹುದು, ಮಿತಿಯೊಳಗೆ. ಮಗಳಿಗೆ ಜೀವನಪರ್ಯಂತ, ಆಮೇಲೆ ಅವಳಿಗೆ ಹುಟ್ಟುವ ಮಗುವಿಗೆ ಪೂರ್ತಿಯಾಗಿ ಎಂದು ಬರೆದರೆ ನಡೆಯುತ್ತದೆ. ಆ ಹುಟ್ಟದ ಮಗುವಿಗೂ ಬರೀ ಜೀವನಪರ್ಯಂತ, ಆಮೇಲೆ ಅದರ ಮಗುವಿಗೆ ಎಂದು ಬರೆದರೆ ನಡೆಯುವುದಿಲ್ಲ. ಹುಟ್ಟದವರಿಗೆ ಕೊಟ್ಟರೆ ಉಳಿದದ್ದನ್ನೆಲ್ಲ ಕೊಡಬೇಕು. ಜೊತೆಗೆ, ಈಗ ಬದುಕಿರುವವರ ಆಯಸ್ಸು, ಅದರ ಮೇಲೆ ಮುಂದಿನವರ ಅಪ್ರಾಪ್ತ ವಯಸ್ಸಿನ 18 ವರ್ಷ, ಇದನ್ನು ಮೀರಿ ಹಕ್ಕು ನೆಲೆಗೊಳ್ಳುವುದನ್ನು ಮುಂದೂಡುವಂತಿಲ್ಲ. ಇಲ್ಲವಾದರೆ ಸತ್ತವರೇ ಊರಿನ ನೆಲವನ್ನೆಲ್ಲ ತಲೆಮಾರುಗಟ್ಟಲೆ ಆಳುತ್ತಿದ್ದರು.

ಈ ನಿಯಮ ಮೀರಿದರೆ ಏನಾಗುತ್ತದೆ ಎಂಬುದಕ್ಕೆ ಕಲ್ಕತ್ತೆಯ ಟ್ಯಾಗೋರ್ ಮನೆತನದ ಕೇಸು ಸಾಕ್ಷಿ. ಪ್ರಸನ್ನಕುಮಾರ ಟ್ಯಾಗೋರರ ಮಗ ಜ್ಞಾನೇಂದ್ರಮೋಹನ ಕ್ರೈಸ್ತರಾದರು. ತಂದೆ ಉಯಿಲಿನಲ್ಲಿ ಮಗನನ್ನು ಬಿಟ್ಟು, ಜತೀಂದ್ರಮೋಹನರಿಗೆ ಜೀವನಪರ್ಯಂತ, ಆಮೇಲೆ ಇನ್ನೂ ಹುಟ್ಟದ ಗಂಡುಸಂತತಿಗೆ ಸಾಲಾಗಿ ಆಸ್ತಿ ಹೋಗುವಂತೆ ಬರೆದರು. 1872ರಲ್ಲಿ ಪ್ರಿವಿ ಕೌನ್ಸಿಲ್, ಜತೀಂದ್ರಮೋಹನರ ಜೀವಿತಾವಧಿಯ ಹಕ್ಕು ಸರಿ, ಹುಟ್ಟದವರಿಗೆ ಕೊಟ್ಟದ್ದು ಆಗಿನ ಹಿಂದೂ ಕಾನೂನಿನಲ್ಲಿ ನಿಲ್ಲುವುದಿಲ್ಲ ಎಂದಿತು. ಹಾಗಾದರೆ ಉಳಿದ ನಾಳೆ ಯಾರದು? ಉಯಿಲು ಇಲ್ಲದಿದ್ದರೆ ಯಾರದಾಗುತ್ತಿತ್ತೋ ಅವರದು. ಅಂದರೆ ಯಾರಿಗೆ ಹೋಗಬಾರದೆಂದು ಇಷ್ಟೆಲ್ಲ ಬರೆದರೋ, ಆ ಮಗನದೇ.

ಹೆಂಗಸರ ಸೀಮಿತ ಹಕ್ಕು

ಮಡಿಕೇರಿಯ ವಿಧವೆಗಿದ್ದಂಥ ಸೀಮಿತ ಹಕ್ಕು 1956ರವರೆಗೆ ದೇಶದುದ್ದಕ್ಕೂ ಸಾಮಾನ್ಯವಾಗಿತ್ತು. ನಾಳೆಯ ಹಕ್ಕು ಹೆಚ್ಚಾಗಿ ಗಂಡಸರ ಕಡೆಗೇ ಸರಿಯುತ್ತಿತ್ತು. ಇದಕ್ಕೆ ತಿರುಗುಮುರುಗಾದ ಪದ್ಧತಿ ತುಳುನಾಡಿನ ಅಳಿಯಸಂತಾನದಲ್ಲಿತ್ತು: 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯಡಿ ಪಾಲಾದಾಗ, ಹೆಣ್ಣು ಸಂತತಿ ಮುಂದುವರಿಯದ 'ನಿಸ್ಸಂತತಿ ಕವರು' ಸಾಮಾನ್ಯವಾಗಿ ಜೀವಿತಾವಧಿಯ ಹಕ್ಕನ್ನಷ್ಟೇ ಪಡೆಯುತ್ತಿತ್ತು, 'ಸಂತತಿ ಕವರು' ಪೂರ್ಣ ಹಕ್ಕು ಪಡೆಯುತ್ತಿತ್ತು.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14(1)ನೇ ಕಲಂ, ಹಿಂದೂ ಹೆಣ್ಣುಮಗಳ ವಶದಲ್ಲಿರುವ ಸ್ವತ್ತಿಗೆ ಆಕೆಯೇ ಪೂರ್ಣ ಒಡತಿ ಎಂದಿತು. ಒಂದೇ ಏಟಿಗೆ ಎಷ್ಟೋ ಸೀಮಿತ ಹಕ್ಕುಗಳು ಪೂರ್ಣವಾದವು, ಕಾಯುತ್ತಿದ್ದವರ ನಾಳೆ ಅಳಿಸಿಹೋಯಿತು. ಆದರೆ ಅದರ ಪಕ್ಕದಲ್ಲೇ ಇರುವ 14(2), ಉಯಿಲು ಅಥವಾ ದಾನಪತ್ರವೇ ಸೀಮಿತ ಹಕ್ಕೆಂದು ಹೇಳಿ ಕೊಟ್ಟಿದ್ದರೆ ಅದು ಸೀಮಿತವಾಗಿಯೇ ಇರುತ್ತದೆ ಎನ್ನುತ್ತದೆ.

ಹಾಗಾದರೆ ಗಂಡ ಬರೆದ "ಜೀವಿತ ಕಾಲದವರೆಗೆ" ಎಂಬುದು ಯಾವ ಗುಂಪಿಗೆ? ಮೇಲಿನ ಮೈಸೂರು ಮನೆಯ ಉದಾಹರಣೆಯಲ್ಲಿ ನಾನು ಇದನ್ನು ಜಾರಿಸಿಬಿಟ್ಟೆ. ನಿಜದಲ್ಲಿ ಅಷ್ಟು ಸರಳವಿಲ್ಲ. 1977ರ ತುಳಸಮ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಿಧವೆಗೆ ಮೊದಲೇ ಇದ್ದ ಜೀವನಾಂಶದ ಹಕ್ಕಿಗೆ ಬದಲಾಗಿ ಸ್ವತ್ತು ಕೊಟ್ಟಿದ್ದರೆ, ಪತ್ರದಲ್ಲಿ ಸೀಮಿತ ಎಂದು ಬರೆದಿದ್ದರೂ ಅದು ಪೂರ್ಣವಾಗುತ್ತದೆ ಎಂದಿತು. ಹೊಸದಾಗಿ ಕೊಟ್ಟ ಕೊಡುಗೆಯಾದರೆ ಮಾತ್ರ ಪತ್ರದ ಮಿತಿ ನಿಲ್ಲುತ್ತದೆ. ಆ ಗೆರೆ ಎಲ್ಲಿ ಎಳೆಯಬೇಕೆಂಬುದರಲ್ಲಿ ಮುಂದಿನ ತೀರ್ಪುಗಳು ಒಂದೇ ದಾರಿ ಹಿಡಿಯಲಿಲ್ಲ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಪೀಠವೊಂದು ಈ ಪ್ರಶ್ನೆಯನ್ನು ದೊಡ್ಡ ಪೀಠಕ್ಕೆ ಒಪ್ಪಿಸಿತು. ಹಾಗಾಗಿ ಗಂಡನ ಉಯಿಲಿನಿಂದ ಮನೆ ಪಡೆದ ಹೆಣ್ಣುಮಗಳು "ನನಗೆ ಬರೀ ಇರೋಕೆ ಜಾಗ" ಎಂದು ತಾನೇ ತೀರ್ಮಾನಿಸಿಕೊಳ್ಳುವ ಮುಂಚೆ ಆ ಉಯಿಲನ್ನು ಒಬ್ಬ ವಕೀಲರಿಗೆ ತೋರಿಸುವುದು ಮೇಲು.

ದಾನಪತ್ರಕ್ಕೆ ಸಹಿ ಹಾಕುವ ಮುನ್ನ

ಇಷ್ಟು ಹೊತ್ತು ಹೆಚ್ಚಾಗಿ ಉಯಿಲಿನ ಮಾತಾಯಿತು. ನಿಜವಾದ ಅಪಾಯ ಇರುವುದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಬದುಕಿರುವಾಗಲೇ ಹಾಕುವ ಹೆಬ್ಬೆಟ್ಟಿನಲ್ಲಿ. "ಆಮೇಲೆ ನೀವು ಅಣ್ಣತಮ್ಮಂದಿರು ಕಚ್ಚಾಡಬೇಡಿ" ಎಂದು ಹಿರಿಯರು ಮಕ್ಕಳಿಗೆ ದಾನಪತ್ರ ಮಾಡಿಕೊಡುತ್ತಾರೆ. ನಾನಿರುವವರೆಗೆ ಇಲ್ಲೇ ಇರುತ್ತೇನೆ ಎಂಬುದು ಎಲ್ಲರಿಗೂ ಗೊತ್ತಿರುವ ಮಾತು, ಪತ್ರದಲ್ಲಿ ಬರೆಯುವುದೇಕೆ ಎಂಬ ದಾಕ್ಷಿಣ್ಯ. ಪತ್ರದಲ್ಲಿ ಇಲ್ಲದಿದ್ದರೆ ಕಾನೂನಿನ ಕಣ್ಣಿಗೆ ಅದು ಇಲ್ಲ. ಇಂದಿನ ಹಕ್ಕು, ನಾಳೆಯ ಹಕ್ಕು ಎರಡೂ ಅವತ್ತೇ ಹೋಯಿತು. ನೋಂದಣಿಯಾದ, ಷರತ್ತಿಲ್ಲದ ದಾನವನ್ನು ಮನಸ್ಸು ಬದಲಾಯಿತೆಂದು ವಾಪಸ್ ಪಡೆಯಲು ಬರುವುದಿಲ್ಲ.

ಜೀವನಪರ್ಯಂತ ಹಕ್ಕನ್ನು ಉಳಿಸಿಕೊಂಡು ದಾನ ಮಾಡಬಹುದೇ? ಖಂಡಿತ. 2014ರಲ್ಲಿ ರೇಣಿಕುಂಟ್ಲ ರಾಜಮ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕೊಟ್ಟವರು ತಮ್ಮ ಜೀವಿತಾವಧಿಯ ಅನುಭವವನ್ನು ಉಳಿಸಿಕೊಂಡಿದ್ದರೂ, ಸ್ವಾಧೀನ ಬಿಟ್ಟುಕೊಡದಿದ್ದರೂ ನೋಂದಾಯಿತ ದಾನ ಊರ್ಜಿತ ಎಂದಿತು. ಇದು ಎರಡು ಕಡೆಗೂ ಕತ್ತರಿಸುವ ತೀರ್ಪು. ಅಮ್ಮನ ವಾಸಕ್ಕೆ ಭದ್ರತೆ ಇದೆ. ಆದರೆ ಸ್ವಾಧೀನ ನನ್ನಲ್ಲೇ ಇದೆಯಲ್ಲ, ಬೇಕೆಂದಾಗ ರದ್ದು ಮಾಡುತ್ತೇನೆ ಎನ್ನಲು ಬರುವುದಿಲ್ಲ. ನಾಳೆ ಮಗನಿಗೆ ಹೋಗಿಯಾಗಿದೆ.

ಇದಕ್ಕೆದುರಾಗಿ 2018ರಲ್ಲಿ ಕೇರಳದ ಸರೋಜಿನಿ ಅಮ್ಮ ಪ್ರಕರಣ. ಅಲ್ಲಿನ ಪತ್ರಕ್ಕೂ ದಾನಪತ್ರ ಎಂದೇ ಹೆಸರು. ಆದರೆ ಅದು ಜಾರಿಗೆ ಬರುವುದು ಕೊಟ್ಟವರು ಮತ್ತು ಅವರ ಗಂಡ ಇಬ್ಬರೂ ತೀರಿಕೊಂಡ ಮೇಲೆ ಎಂದು ಬರೆದಿತ್ತು. ಹಾಗಾಗಿ ದಾನ ಪೂರ್ಣವಾಗಿಯೇ ಇಲ್ಲ, ಅವರು ಅದನ್ನು ರದ್ದು ಮಾಡಿದ್ದು ಸರಿ ಎಂದು ಸುಪ್ರೀಂ ಕೋರ್ಟ್ ಹೇಳಿತು.

ಎರಡೂ ಪತ್ರಗಳ ಭಾವ ಒಂದೇ, "ನಾನಿರೋವರೆಗೂ ನಂದು, ಆಮೇಲೆ ನಿಂದು." ಒಂದರಲ್ಲಿ "ಇಂದೇ ಕೊಟ್ಟಿದ್ದೇನೆ, ಅನುಭವ ಮಾತ್ರ ನನ್ನದು". ಇನ್ನೊಂದರಲ್ಲಿ "ನನ್ನ ಕಾಲಾನಂತರ ಕೊಡುತ್ತೇನೆ". ಮೊದಲನೆಯದನ್ನು ಹಿಂಪಡೆಯಲಾಗಲಿಲ್ಲ, ಎರಡನೆಯದನ್ನು ಹಿಂಪಡೆಯಲಾಯಿತು. ಪತ್ರದ ತಲೆಬರಹ ಏನಿದೆ ಎಂಬುದಕ್ಕಿಂತ ಹಕ್ಕು ಇವತ್ತೇ ದಾಟಿತೋ ಇಲ್ಲವೋ ಎಂಬುದನ್ನೇ ಕೋರ್ಟು ನೋಡುವುದು. ಖಾತಾ, ಪಹಣಿ ಯಾರ ಹೆಸರಿಗಿದೆ ಎಂಬುದೂ ಇದನ್ನು ತೀರ್ಮಾನಿಸುವುದಿಲ್ಲ.

ಈಗಾಗಲೇ ಸಹಿ ಹಾಕಿ, ಮಕ್ಕಳು ನೋಡಿಕೊಳ್ಳದೆ ಬಿಟ್ಟಿದ್ದರೆ ಹಿರಿಯ ನಾಗರಿಕರಿಗೆ ಒಂದು ದಾರಿ ಉಳಿದಿದೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ನಿರ್ವಹಣೆ ಮತ್ತು ಕಲ್ಯಾಣ ಕಾಯ್ದೆಯ 23ನೇ ಕಲಂ. ಆ ಕಾಯ್ದೆ ಜಾರಿಗೆ ಬಂದ ನಂತರ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಸ್ವತ್ತಾಗಿದ್ದು, ಪಡೆದವರು ನೋಡಿಕೊಳ್ಳದಿದ್ದರೆ, ಆ ವರ್ಗಾವಣೆಯನ್ನು ಮೋಸದಿಂದ ಆದದ್ದೆಂದು ಭಾವಿಸಿ ರದ್ದು ಮಾಡಬಹುದು. ಕರ್ನಾಟಕದಲ್ಲಿ ಇದರ ನ್ಯಾಯಮಂಡಳಿ ಇರುವುದು ಉಪವಿಭಾಗಾಧಿಕಾರಿ, ಅಂದರೆ ಎ.ಸಿ. ಅವರ ಕಚೇರಿಯಲ್ಲಿ. ಷರತ್ತು ಇತ್ತು ಎಂಬುದನ್ನು ತೋರಿಸಲೇಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2025ರ ಜನವರಿಯಲ್ಲಿ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕೆಂದು ಹೇಳಿ, ತಾಯಿ ಮಗನಿಗೆ ಮಾಡಿದ್ದ ದಾನವನ್ನು ರದ್ದುಪಡಿಸಿದ್ದನ್ನು ಎತ್ತಿಹಿಡಿಯಿತು. ಆ ತಾಯಿಯ ಬಳಿ ದಾನಪತ್ರದ ಜೊತೆಗೆ, ಕೊನೆಯವರೆಗೆ ನೋಡಿಕೊಳ್ಳುತ್ತೇನೆ ಎಂದು ಮಗ ಬರೆದುಕೊಟ್ಟ ಇನ್ನೊಂದು ಕಾಗದವೂ ಇತ್ತು.